ಬಾಂಬಡಿಲ್‌ಗೆ ದೇವರ ಪಟ್ಟ ಯಾಕೆ?

ಟೋಲ್ಕಿನ್ನರ 'ಲಾರ್ಡ್ ಆಫ್ ದಿ ರಿಂಗ್ಸ್' ಕಾದಂಬರಿಯ ಟಾಮ್ ಬಾಂಬಡಿಲ್ ಮಾರುವೇಷದ ಸೃಷ್ಟಿಕರ್ತ ಎಂದು ಕಳೆದ ಸಂಚಿಕೆಯ ಲೇಖಕರು ತೀರ್ಪು ಕೊಟ್ಟೇಬಿಟ್ಟಿದ್ದಾರೆ. ತೊಟ್ಟವರನ್ನು ಮಾಯಮಾಡುವ ಉಂಗುರ ತೊಟ್ಟರೂ ಅವನು ಮಾಯವಾಗಲಿಲ್ಲ ಎಂಬುದೊಂದೇ ಅವರ ಪುರಾವೆ. ಎಲ್ರಾಂಡನ ಸಭೆಯ ಅಧ್ಯಾಯವನ್ನು ಹಾರಿಸಿ ಓದಿದರೋ ಏನೋ! ಉಂಗುರವನ್ನು ಬಾಂಬಡಿಲ್‌ಗೇ ಒಪ್ಪಿಸೋಣವೆಂಬ ಮಾತು ಅಲ್ಲಿ ಬರುತ್ತದೆ. ಮಾಂತ್ರಿಕ ಗ್ಯಾಂಡಾಲ್ಫ್ ಒಪ್ಪುವುದಿಲ್ಲ: ಆಸಾಮಿ ಅದನ್ನು ಮರೆತಾನು, ಎಲ್ಲೋ ಎಸೆದರೂ ಎಸೆದಾನು. ಉಳಿದವರೆಲ್ಲ ಸೋತರೆ ಕೊನೆಗೆ ಅವನೂ ಸೋಲುತ್ತಾನೆ ಎನ್ನುತ್ತಾನೆ ಸಭೆಯಲ್ಲಿದ್ದ ಎಲ್ಫ್ ಗ್ಲೋರ್ಫಿಂಡೆಲ್. ಉಂಗುರದ ದುಷ್ಟ ಒಡೆಯ ಸೌರಾನ್‌ಗೆ ಮಣಿಯುವ ಸೃಷ್ಟಿಕರ್ತನೇ?

ಅಷ್ಟೇ ಅಲ್ಲ, ಟೋಲ್ಕಿನ್ ಮನೆಯ ಮಕ್ಕಳ ಡಚ್ ಗೊಂಬೆಯಿಂದ ಹುಟ್ಟಿ, 1934ರಲ್ಲೇ ಪದ್ಯವೊಂದರಲ್ಲಿ ಅಚ್ಚಾದವನು ಈತ. 'ಲಾರ್ಡ್ ಆಫ್ ದಿ ರಿಂಗ್ಸ್'ಗೆ ಆಮೇಲೆ ಬಂದ ನೆಂಟ. ಅವನನ್ನು ಬೇಕೆಂದೇ ಒಗಟಾಗಿ ಬಿಟ್ಟಿದ್ದೇನೆಂದು 1954ರ ಪತ್ರದಲ್ಲಿ ಟೋಲ್ಕಿನ್ನರೇ ಬರೆದಿದ್ದಾರೆ. ಅದನ್ನೂ ಲೇಖಕರು ಸುಳ್ಳೆನ್ನುತ್ತಾರೆಯೇ?