ಕಾವೇರಿಯ ಕಥೆಯನ್ನು ತೆರೆಗೆ ತರುವ ಮುನ್ನ

ಪುರಾಣದ ಕಥೆಗಳನ್ನು ತೆರೆಗೆ ತರುವುದು ಕನ್ನಡ ಚಿತ್ರರಂಗದ ಹುಟ್ಟಿನೊಂದಿಗೇ ಬಂದ ಕೆಲಸ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆಯಾದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಇಂದ್ರಜಿತುವಿನ ಮಡದಿಯ ಕಥೆಯಾಗಿತ್ತು. 1954ರ ‘ಬೇಡರ ಕಣ್ಣಪ್ಪ’ ಶಿವಭಕ್ತನೊಬ್ಬನ ಕಥೆಯ ಮೂಲಕವೇ ರಾಜ್‌ಕುಮಾರ್ ಅವರನ್ನು ನಾಯಕನಟನಾಗಿ ನಾಡಿಗೆ ಕೊಟ್ಟಿತು. 2019ರ ‘ಕುರುಕ್ಷೇತ್ರ’ ರನ್ನನ ‘ಗದಾಯುದ್ಧ’ದ ಕಡೆಗೆ ತಿರುಗಿ ದುರ್ಯೋಧನನನ್ನು ನಡುವೆ ನಿಲ್ಲಿಸಿತು. ಇಂಥ ಚಿತ್ರಗಳ ಕುರಿತ ಚರ್ಚೆ ಬಹುಮಟ್ಟಿಗೆ ಚಿತ್ರವು ಮೂಲಕ್ಕೆ ನಿಷ್ಠವಾಗಿದೆಯೇ ಎಂಬ ಒಂದೇ ಪ್ರಶ್ನೆಯ ಸುತ್ತ ನಡೆದಿದೆ. ಮೂಲವೆಂಬುದು ಒಂದು ಗ್ರಂಥವಾಗಿರುವಲ್ಲಿ ಈ ಪ್ರಶ್ನೆಗೆ ಅರ್ಥವಿದೆ. ಆದರೆ ಕಥೆಯ ಪಾಠಗಳು ಹಲವಾಗಿದ್ದು, ಅವುಗಳಲ್ಲಿ ಅತ್ಯಂತ ಜೀವಂತವಾದುದು ಪುಸ್ತಕದಲ್ಲಿರದೆ ಬೆಟ್ಟ, ಹೊಳೆ, ಉಡುಗೆ, ಪಂಚಾಂಗಗಳಲ್ಲಿ ನೆಲೆಸಿರುವಾಗ ನಿಷ್ಠೆ ಯಾವುದಕ್ಕೆ ಸಲ್ಲಬೇಕು? ಕೊಡಗಿನ ಕಾವೇರಿಯ ಕಥೆಯಷ್ಟು ನೇರವಾಗಿ ಈ ಪ್ರಶ್ನೆಯನ್ನು ಮುಂದಿಡುವ ಇನ್ನೊಂದು ಕಥೆ ಕನ್ನಡ ನಾಡಿನಲ್ಲಿ ಸಿಗುವುದು ಕಷ್ಟ.

ಕೊಡಗಿನಲ್ಲಿ ಪ್ರಚಲಿತವಾಗಿರುವ ಕಥೆಯ ಪ್ರಕಾರ, ಮಕ್ಕಳಿಲ್ಲದ ಕವೇರ ಮುನಿಯು ಬ್ರಹ್ಮಗಿರಿಯಲ್ಲಿ ತಪಸ್ಸು ಮಾಡಿ ಬ್ರಹ್ಮನ ಮಗಳಾದ ಲೋಪಾಮುದ್ರೆಯನ್ನು ತನ್ನ ಮಗಳಾಗಿ ಪಡೆಯುತ್ತಾನೆ. ಕವೇರನ ಮಗಳಾದ್ದರಿಂದ ಅವಳು ಕಾವೇರಿಯಾಗುತ್ತಾಳೆ. ನದಿಯಾಗಿ ಹರಿದು ಲೋಕಕ್ಕೆ ಒದಗಬೇಕೆಂಬುದು ಅವಳ ಬಯಕೆ. ಅಗಸ್ತ್ಯ ಮುನಿ ಅವಳ ಕೈಹಿಡಿಯಲು ಬಂದಾಗ, ತನ್ನನ್ನು ಎಂದೂ ಒಂಟಿಯಾಗಿ ಬಿಡಕೂಡದು, ಬಿಟ್ಟರೆ ತಾನು ಹೊರಟುಹೋಗುವೆನು ಎಂಬ ಕರಾರಿನ ಮೇಲೆ ಅವಳು ಮದುವೆಗೆ ಒಪ್ಪುತ್ತಾಳೆ. ಒಂದು ದಿನ ಮುನಿಯು ಅವಳನ್ನು ಕಮಂಡಲುವಿನ ನೀರಿನಲ್ಲಿರಿಸಿ, ಶಿಷ್ಯರ ಕಾವಲಿಗೊಪ್ಪಿಸಿ, ಕನಕೆ ಹೊಳೆಗೆ ಸ್ನಾನಕ್ಕೆ ಹೋಗುತ್ತಾನೆ. ಮಾತು ಮುರಿಯಿತೆಂದು ಬಗೆದ ಕಾವೇರಿ ಕಮಂಡಲುವಿನಿಂದ ಉಕ್ಕಿ ಹರಿಯುತ್ತಾಳೆ. ಶಿಷ್ಯರು ತಡೆಯಲು ಬಂದಾಗ ನೆಲದೊಳಗೆ ಇಳಿದು ಭಾಗಮಂಡಲದ ಬಳಿ ಮತ್ತೆ ಮೇಲೇಳುತ್ತಾಳೆ. ಮುಂದೆ ಬಲಮುರಿಯಲ್ಲಿ ದೇವಕಾಂತ ರಾಜನೊಡನೆ ನೆರೆದ ಕೊಡವ ಜನರು ಅವಳನ್ನು ತಡೆದು ಬೇಡಿಕೊಳ್ಳುತ್ತಾರೆ. ಪ್ರವಾಹದ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆಗಳು ಹಿಂದಕ್ಕೆ ಸರಿಯುತ್ತವೆ. ಅವಳು ನಿಲ್ಲುವುದಿಲ್ಲ. ಆದರೆ ವರ್ಷಕ್ಕೊಮ್ಮೆ, ಸೂರ್ಯನು ತುಲಾ ರಾಶಿಯನ್ನು ಪ್ರವೇಶಿಸುವ ಗಳಿಗೆಯಲ್ಲಿ, ತಲಕಾವೇರಿಯ ಬ್ರಹ್ಮಕುಂಡಿಕೆಯಲ್ಲಿ ಕಾಣಿಸಿಕೊಳ್ಳುವುದಾಗಿ ಮಾತು ಕೊಡುತ್ತಾಳೆ.

ಈ ಕಥೆಯ ಪ್ರತಿಯೊಂದು ತಿರುವಿಗೂ ಕೊಡಗಿನ ನೆಲದಲ್ಲಿ ಒಂದು ಗುರುತಿದೆ. ಭಾಗಮಂಡಲದಲ್ಲಿ ಕಾವೇರಿ, ಕನಕೆಯರ ಜೊತೆಗೆ ಕಣ್ಣಿಗೆ ಕಾಣದ ಸುಜ್ಯೋತಿಯೂ ಸೇರುತ್ತದೆಂಬ ನಂಬಿಕೆಯ ತ್ರಿವೇಣಿ ಸಂಗಮವಿದೆ; ಕೊಡವತಿಯರು ಇಂದಿಗೂ ಸೀರೆಯ ನೆರಿಗೆಯನ್ನು ಬೆನ್ನ ಹಿಂದೆ ಕಟ್ಟುತ್ತಾರೆ; ಅಕ್ಟೋಬರ್ 17ರ ಆಸುಪಾಸಿನಲ್ಲಿ ಬರುವ ತುಲಾ ಸಂಕ್ರಮಣದ ತೀರ್ಥೋದ್ಭವಕ್ಕೆ, ಅಂದರೆ ಕುಂಡಿಕೆಯಲ್ಲಿ ನೀರು ಉಕ್ಕುವುದೆಂದು ನಂಬುವ ಆ ಕ್ಷಣಕ್ಕೆ, ಸಾವಿರಾರು ಜನ ಬೆಟ್ಟ ಏರುತ್ತಾರೆ. ಕೊಡವರ ಮನೆಗಳಲ್ಲಿ ನಡೆಯುವ ಕಣಿ ಪೂಜೆಯಲ್ಲಿ ತೆಂಗಿನಕಾಯಿಗೋ ಸೌತೆಕಾಯಿಗೋ ಕೆಂಪು ರೇಷ್ಮೆ ಉಡಿಸಿ, ಒಡವೆ ತೊಡಿಸಿ ಕಾವೇರಿಯೆಂದೇ ನಮಸ್ಕರಿಸುತ್ತಾರೆ. ಹೀಗೆ ಕಥೆಯು ಕೇಳುವವರ ದೇಹದ ಮೇಲೆ, ಮನೆಯ ಒಳಗೆ, ವರ್ಷದ ಲೆಕ್ಕದಲ್ಲಿ ತಾನೇ ತಾನಾಗಿ ಪ್ರತಿವರ್ಷ ಅಭಿನಯಗೊಳ್ಳುತ್ತದೆ. ತೆರೆಗೆ ತರುವವನ ಮುಂದೆ ಇರುವುದು ಸತ್ತ ಗ್ರಂಥವೊಂದರ ಪುನರುಜ್ಜೀವನದ ಕೆಲಸವಲ್ಲವೆಂಬುದು ಮೊದಲು ಗಮನಿಸಬೇಕಾದ ಸಂಗತಿ.

ಪಾಠಭೇದಗಳೂ ಕಡಿಮೆಯಿಲ್ಲ. ತಮಿಳಿನ ಪ್ರಾಚೀನ ಕಾವ್ಯ ‘ಮಣಿಮೇಖಲೈ’ಯಲ್ಲಿ ಚೋಳ ದೊರೆ ಕಾಂತನ ಕೋರಿಕೆಯಂತೆ ಅಗಸ್ತ್ಯನ ಕಮಂಡಲು ಬಾಗಿ ನದಿ ಹರಿಯುತ್ತದೆ, ತಮಿಳುನಾಡಿನಲ್ಲಿ ಜನಪ್ರಿಯವಾಗಿರುವ ಇನ್ನೊಂದು ಪಾಠದಲ್ಲಿ ಗಣಪತಿಯು ಕಾಗೆಯ ರೂಪದಲ್ಲಿ ಬಂದು ಕಮಂಡಲುವನ್ನು ಉರುಳಿಸುತ್ತಾನೆ. ಸ್ಕಾಂದಪುರಾಣದ ಭಾಗವೆಂದು ಹೇಳಿಕೊಳ್ಳುವ ‘ಕಾವೇರಿ ಮಾಹಾತ್ಮ್ಯ’ದಲ್ಲಿ ಮತ್ಸ್ಯದೇಶದ ರಾಜಕುಮಾರ ಚಂದ್ರವರ್ಮನ ವೃತ್ತಾಂತ ಸೇರಿಕೊಂಡು ಕೊಡವರ ವಂಶಮೂಲ ಅವನಿಗೆ ಜೋಡಣೆಯಾಗುತ್ತದೆ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು 1952ರಲ್ಲಿ ಪ್ರಕಟವಾದ, ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತ ತಮ್ಮ ಗ್ರಂಥದಲ್ಲಿ ಸಂಸ್ಕೃತೀಕರಣವೆಂಬ ಪರಿಕಲ್ಪನೆಯನ್ನು ಬೆಳೆಸಿದರು. ಸ್ಥಳೀಯ ಸಮುದಾಯವೊಂದು ತನ್ನ ಆಚರಣೆಗಳನ್ನೂ ಕಥೆಗಳನ್ನೂ ಅಖಿಲ ಭಾರತದ ಶಾಸ್ತ್ರೀಯ ಮಾದರಿಗೆ ಹೊಂದಿಸಿಕೊಳ್ಳುವ ಪ್ರಕ್ರಿಯೆ ಎಂಬುದು ಅದರ ಸ್ಥೂಲ ಅರ್ಥ. ಕಾವೇರಿಯ ಕಥೆ ಆ ಪ್ರಕ್ರಿಯೆಗೆ ಒಳ್ಳೆಯ ನಿದರ್ಶನವಾಗಿದೆ.

ಈ ಪಾಠಗಳ ನಡುವಿನ ಮುಖ್ಯ ವ್ಯತ್ಯಾಸ ಒಂದೇ ಒಂದು ಬಿಂದುವಿನಲ್ಲಿದೆ. ತಮಿಳು ಪಾಠಗಳಲ್ಲಿ ಕಾವೇರಿಯನ್ನು ಬೇರೆಯವರು ಬಿಡುಗಡೆ ಮಾಡುತ್ತಾರೆ, ರಾಜನ ಪ್ರಾರ್ಥನೆಯೋ ದೇವರ ಉಪಾಯವೋ ಅದಕ್ಕೆ ಕಾರಣವಾಗುತ್ತದೆ. ಕೊಡಗಿನ ಪಾಠದಲ್ಲಿ ಅವಳು ತಾನೇ ಹೊರಡುತ್ತಾಳೆ, ಕೊಟ್ಟ ಮಾತು ಮುರಿದದ್ದೇ ಅದಕ್ಕೆ ಕಾರಣ. ಕೆಲವು ಪಾಠಗಳಲ್ಲಿ ಅವಳ ಒಂದಂಶ ನದಿಯಾಗಿ, ಇನ್ನೊಂದಂಶ ಲೋಪಾಮುದ್ರೆಯಾಗಿ ಮುನಿಯ ಬಳಿಯೇ ಉಳಿಯುವಂತೆ ರಾಜಿಯೂ ಏರ್ಪಡುತ್ತದೆ. ಆದರೂ ಕೊಡಗಿನ ಕಥೆಯ ನೈತಿಕ ಭಾರವಿರುವುದು ಅವಳ ನಿರ್ಧಾರದಲ್ಲಿ. ಗಂಡನಾದ ಋಷಿಯೂ, ಅಡ್ಡನಿಂತ ಶಿಷ್ಯರೂ, ಬೇಡಿಕೊಂಡ ಪ್ರಜೆಗಳೂ ಯಾರೂ ಅವಳನ್ನು ನಿಲ್ಲಿಸಲಾರರು. ಚಿತ್ರಕಥೆಗಾರನೊಬ್ಬ ಕಾಗೆಯ ಪ್ರಸಂಗವು ದೃಶ್ಯಕ್ಕೆ ಒಗ್ಗುತ್ತದೆಂದು ಅದನ್ನು ಆರಿಸಿಕೊಂಡರೆ ಅವನು ಕೇವಲ ಒಂದು ಘಟನೆಯನ್ನು ಬದಲಾಯಿಸಿದಂತಾಗುವುದಿಲ್ಲ. ನಿರ್ಧಾರವನ್ನೇ ನಾಯಕಿಯ ಕೈಯಿಂದ ಕಿತ್ತುಕೊಂಡಂತಾಗುತ್ತದೆ.

ರೂಪಾಂತರದ ಈ ಸಮಸ್ಯೆಯನ್ನು ಚಲನಚಿತ್ರ ಬರುವ ಮೊದಲೇ ಎದುರಿಸಿದವರೊಬ್ಬರು ಕೊಡಗಿನಲ್ಲಿದ್ದರು. ನಾಪೋಕ್ಲು ಸಮೀಪದ ಕಿರುಂದಾಡು ಗ್ರಾಮದಲ್ಲಿ 1868ರಲ್ಲಿ ಹುಟ್ಟಿದ, ಕೊಡವ ಸಾಹಿತ್ಯದ ಆದಿಕವಿಯೆಂದು ಗೌರವಿಸಲ್ಪಡುವ ಹರದಾಸ ಅಪ್ಪಚ್ಚ ಕವಿ ‘ಯಯಾತಿ’, ‘ಸಾವಿತ್ರಿ’, ‘ಸುಬ್ರಹ್ಮಣ್ಯ’, ‘ಕಾವೇರಿ’ ಎಂಬ ನಾಲ್ಕು ನಾಟಕಗಳನ್ನು ಕೊಡವ ತಕ್ಕ್‌ನಲ್ಲಿ, ಅಂದರೆ ಕೊಡವ ಭಾಷೆಯಲ್ಲಿ ರಚಿಸಿದರು. ನಾಲ್ಕೂ ಪುರಾಣದ ವಸ್ತುಗಳೇ. ಗಿರೀಶ ಕಾರ್ನಾಡರು 1961ರಲ್ಲಿ ‘ಯಯಾತಿ’ಯನ್ನು ಪ್ರಕಟಿಸುವುದಕ್ಕೆ ಸುಮಾರು ಅರ್ಧ ಶತಮಾನ ಮೊದಲೇ, ಅದೇ ರಾಜನ ಕಥೆಯನ್ನು ಅಪ್ಪಚ್ಚ ಕವಿ ತಮ್ಮ ಬೆಟ್ಟದ ನಾಡಿನ ಪ್ರೇಕ್ಷಕರ ಮುಂದಿಟ್ಟಿದ್ದರು ಎಂಬುದನ್ನು ಕನ್ನಡ ರಂಗಭೂಮಿಯ ಚರಿತ್ರೆ ಇನ್ನಷ್ಟು ಗಟ್ಟಿಯಾಗಿ ಹೇಳಬೇಕಾಗಿದೆ. ಹರಿಕಥೆಯ ಅನುಭವವಿದ್ದ ಈ ಕವಿ ವೃತ್ತಿ ನಾಟಕ ಕಂಪನಿಗಳ ಕಾಲದ ರೂಪವನ್ನು ಬಳಸಿಕೊಂಡರೂ ಕಥೆಯನ್ನು ತಮ್ಮವರ ಮಾತಿನ ಲಯಕ್ಕೆ ತಂದರು. ಹಾಡು ಮಾತುಗಳೆರಡೂ ಬೆರೆತ ಆ ನಾಟಕಗಳಲ್ಲಿ ದೇವತೆಗಳೂ ರಾಜರೂ ಕೊಡವ ತಕ್ಕ್‌ನಲ್ಲಿ ಮಾತನಾಡಿದರು. ಪುರಾಣವನ್ನು ಹತ್ತಿರ ತರುವುದೆಂದರೆ ಇದು.

ಅದೇ ಕಾಲದಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು ಇನ್ನೊಂದು ದಾರಿಯಲ್ಲಿ ಕೆಲಸ ಮಾಡಿದರು. 1924ರಲ್ಲಿ ಪ್ರಕಟವಾದ ಅವರ ‘ಪಟ್ಟೋಲೆ ಪಳಮೆ’ ಕೊಡವರ ಹಬ್ಬ, ಮದುವೆ, ಸಾವುಗಳ ಹಾಡುಗಳನ್ನೂ ದೇವತೆಗಳ ಹಾಡುಗಳನ್ನೂ ಸಂಗ್ರಹಿಸಿದ ಗ್ರಂಥ. ಇವನ್ನು ನಾಲ್ವರು ಹಾಡುಗಾರರು ದುಡಿಯನ್ನು, ಅಂದರೆ ನಡು ಸಣ್ಣಗಿರುವ ಪುಟ್ಟ ಚರ್ಮವಾದ್ಯವನ್ನು, ನುಡಿಸುತ್ತ ಹಾಡುತ್ತಾರೆ. ಕಕ್ಕಬ್ಬೆಯ ಬಳಿಯ ಪಾಡಿಯಲ್ಲಿ ನೆಲೆಸಿದ ಮಳೆಬೆಳೆಯ ದೇವರು ಇಗ್ಗುತ್ತಪ್ಪನೂ, ಮಲಯಾಳ ನಾಡಿನ ಕಡೆಯಿಂದ ಬಂದ ಅವನ ಒಡಹುಟ್ಟಿದವರೂ ಈ ಹಾಡಿನ ಲೋಕಕ್ಕೆ ಸೇರಿದವರು. ಅಲ್ಲಿ ಕಥೆ ಹೇಳುವವರು ಕಥೆಯ ಹೊರಗೆ ನಿಲ್ಲುವುದಿಲ್ಲ. ತಮ್ಮ ಊರು, ತಮ್ಮ ಒಕ್ಕ, ಅಂದರೆ ಪಿತೃವಂಶದ ಕುಟುಂಬ, ಎಲ್ಲವನ್ನೂ ನೆನೆಯುತ್ತ ಒಳಗಿನಿಂದಲೇ ಹಾಡುತ್ತಾರೆ.

ಚಲನಚಿತ್ರದ ಸ್ವಭಾವ ಇದಕ್ಕಿಂತ ತೀರ ಬೇರೆ. ಹಾಡುಗಾರನು ಕಾವೇರಿಯ ಮುಖವನ್ನು ಕೇಳುಗನ ಊಹೆಗೆ ಬಿಡುತ್ತಾನೆ. ಕ್ಯಾಮೆರಾ ಒಂದು ಮುಖವನ್ನು ಆರಿಸಲೇಬೇಕು, ಆರಿಸಿದ ಮೇಲೆ ಆ ಮುಖ ಉಳಿದೆಲ್ಲ ಮುಖಗಳನ್ನು ಹಿಂದೆ ಸರಿಸುತ್ತದೆ. 1987ರ ಜನವರಿಯಲ್ಲಿ ದೂರದರ್ಶನದಲ್ಲಿ ಆರಂಭವಾದ ರಮಾನಂದ ಸಾಗರ್ ಅವರ ‘ರಾಮಾಯಣ’ ದೇಶದ ಬಹುಪಾಲು ಮನೆಗಳಿಗೆ ಒಂದೇ ರಾಮನನ್ನು, ಒಂದೇ ಸೀತೆಯನ್ನು ಕೊಟ್ಟಿತು. ವಾಲ್ಮೀಕಿ, ಕಂಬ, ತುಳಸಿ, ಕುಮಾರ ವಾಲ್ಮೀಕಿ, ಕುವೆಂಪು ಅವರಂಥ ಬೇರೆ ಬೇರೆ ಕವಿಗಳ ರಾಮಾಯಣಗಳು ಬಾಳಿಕೊಂಡು ಬಂದ ದೇಶದಲ್ಲಿ ಅದು ಸಣ್ಣ ಸಂಗತಿಯಲ್ಲ. ರಾಮಾಯಣಕ್ಕೆ ಹಲವು ಪಾಠಗಳನ್ನು ಉಳಿಸಿಕೊಳ್ಳುವ ಶಕ್ತಿ ಇದೆ. ಕೆಲವು ಲಕ್ಷ ಜನರ ಸಣ್ಣ ಜಿಲ್ಲೆಯೊಂದರ ಕಥೆಗೆ ಆ ಶಕ್ತಿ ಅಷ್ಟಿಲ್ಲ. ದೊಡ್ಡ ಬಂಡವಾಳದ ಚಿತ್ರವೊಂದು ಬಂದರೆ ಮುಂದಿನ ತಲೆಮಾರಿಗೆ ಅದೇ ಮೂಲವಾಗಿಬಿಡುವ ಸಂಭವ ಹೆಚ್ಚು.

ನೆರೆಯ ತುಳುನಾಡಿನ ಅನುಭವ ಇಲ್ಲಿ ಪಾಠ ಕಲಿಸಬಲ್ಲದು. ರಿಷಬ್ ಶೆಟ್ಟಿಯವರ ‘ಕಾಂತಾರ’ 2022ರಲ್ಲಿ ಪಂಜುರ್ಲಿ, ಗುಳಿಗ ದೈವಗಳ ಕೋಲವನ್ನು ದೇಶದ ಮುಂದಿಟ್ಟಿತು. ಭೂತಾರಾಧನೆಯನ್ನು ಮೂಢನಂಬಿಕೆಯೆಂದು ಕಡೆಗಣಿಸುತ್ತಿದ್ದವರೂ ಅದನ್ನು ಗೌರವದಿಂದ ನೋಡುವಂತೆ ಮಾಡಿದ್ದು ಆ ಚಿತ್ರದ ನಿಜವಾದ ಸಾಧನೆ. ಆದರೆ ಕೋಲದ ವೇಷ ಮತ್ತು ಆವೇಶವನ್ನು ಅನುಕರಿಸುವ ಪ್ರವೃತ್ತಿಯೂ ಅದರ ಬೆನ್ನಿಗೇ ಹಬ್ಬಿತು. ಪಂಬದ, ಪರವ, ನಲಿಕೆ ಸಮುದಾಯದವರು ವ್ರತ ನಿಯಮಗಳೊಂದಿಗೆ ತಲೆಮಾರುಗಳಿಂದ ನಡೆಸಿಕೊಂಡು ಬಂದ ಸೇವೆ ಚಿತ್ರಮಂದಿರದ ಕುಣಿತವಾಯಿತು. 2025ರ ಅಕ್ಟೋಬರ್‌ನಲ್ಲಿ ಅದರ ಪೂರ್ವಕಥೆ ಬಿಡುಗಡೆಯಾದಾಗ, ದೈವವನ್ನು ಅನುಕರಿಸಬೇಡಿರೆಂದು ನಿರ್ಮಾಣ ಸಂಸ್ಥೆಯೇ ಸಾರ್ವಜನಿಕರಲ್ಲಿ ವಿನಂತಿಸಬೇಕಾಯಿತು. ದೈವಾವೇಶದ ‘ತೆರೆ’ ಆರಾಧನೆ ಕೊಡಗಿನಲ್ಲೂ ಇದೆ, ಆದ್ದರಿಂದ ಈ ಎಚ್ಚರ ಕೊಡಗಿಗೂ ಸಲ್ಲುತ್ತದೆ.

ಹೀಗೆಂದ ಮಾತ್ರಕ್ಕೆ ಪವಿತ್ರ ಕಥೆಗಳನ್ನು ಯಾರೂ ಮುಟ್ಟಕೂಡದೆಂಬ ವಾದವನ್ನು ಒಪ್ಪಲಾಗದು. ಹಾಗೆ ಒಪ್ಪಿದ್ದರೆ ಅಪ್ಪಚ್ಚ ಕವಿಯೂ ಬರೆಯುತ್ತಿರಲಿಲ್ಲ. 2023ರ ‘ಆದಿಪುರುಷ್’ ಚಿತ್ರದ ಸಂಭಾಷಣೆಗಳನ್ನು ಬಿಡುಗಡೆಯ ನಂತರ ತಿದ್ದಬೇಕಾಗಿ ಬಂದಾಗ ಎದ್ದ ಗದ್ದಲ ಭಾವನೆಗಳ ಧಕ್ಕೆಯ ಸುತ್ತಲೇ ತಿರುಗಿತು. ಆ ಚಿತ್ರದ ದೊಡ್ಡ ಸೋಲು, ಅದರ ಲೋಕಕ್ಕೆ ಕಾಲೂರಲು ಯಾವ ನೆಲವೂ ಇರಲಿಲ್ಲವೆಂಬುದು. ಇದಕ್ಕೆ ಎದುರಾಗಿ ಜಿ.ವಿ. ಅಯ್ಯರ್ ಅವರ 1983ರ ಸಂಸ್ಕೃತ ಚಿತ್ರ ‘ಆದಿ ಶಂಕರಾಚಾರ್ಯ’ವನ್ನು ನೆನೆಯಬಹುದು. ಅಲ್ಲಿ ಮೃತ್ಯು ಮತ್ತು ಪ್ರಜ್ಞೆ ಇಬ್ಬರು ಸಂಗಾತಿಗಳ ರೂಪದಲ್ಲಿ ಶಂಕರರ ಜೊತೆ ನಡೆಯುತ್ತಾರೆ. ಪವಾಡಗಳ ಆಡಂಬರವಿಲ್ಲದೆ ತತ್ತ್ವವು ದೃಶ್ಯವಾಗುತ್ತದೆ. ಕಾವೇರಿಗೆ ಬೇಕಾದದ್ದು ಇಂಥ ಸಂಯಮ. ಕಮಂಡಲುವಿನಿಂದ ಪ್ರವಾಹ ಉಕ್ಕುವುದನ್ನು ಕಂಪ್ಯೂಟರಿನಲ್ಲಿ ಸೃಷ್ಟಿಸುವುದು ಇಂದು ಸುಲಭ; ತಲಕಾವೇರಿಯ ಕುಂಡಿಕೆಯಲ್ಲಿ ಕಾಣುವುದು ಮಾತ್ರ ಒಂದು ಸಣ್ಣ ಉಕ್ಕು, ಅದನ್ನು ಕಾಯುತ್ತ ನಿಂತ ಜನರ ಮೌನ, ಆಮೇಲೆ ಒಮ್ಮೆಲೇ ಏಳುವ ಅವರ ಕೂಗು. ಸುದ್ದಿವಾಹಿನಿಗಳು ತೀರ್ಥೋದ್ಭವವನ್ನು ಪ್ರತಿವರ್ಷ ನೇರ ಪ್ರಸಾರ ಮಾಡುತ್ತವೆ, ಆದರೆ ನಿರೂಪಕರ ಮಾತಿನ ಭರಾಟೆಯಲ್ಲಿ ಆ ಮೌನವೇ ಕಳೆದುಹೋಗುತ್ತದೆ.

ಸ್ಥಳವು ಕಥೆಗೆ ಬರಿಯ ಹಿನ್ನೆಲೆಯಾಗಲಾರದು ಎಂಬುದಕ್ಕೆ ಇತ್ತೀಚಿನ ಚರಿತ್ರೆಯೂ ಸಾಕ್ಷಿ. 2020ರ ಆಗಸ್ಟ್‌ನಲ್ಲಿ ಬ್ರಹ್ಮಗಿರಿಯ ಇಳಿಜಾರು ಕುಸಿದು ತಲಕಾವೇರಿಯ ಅರ್ಚಕರ ಕುಟುಂಬವೇ ಮಣ್ಣಿನಡಿಯಾಯಿತು. ನದಿಯಾಗಿ ಲೋಕಕ್ಕೆ ಒದಗಬೇಕೆಂದ ಕಾವೇರಿಯ ಕಥೆಯನ್ನು ಇಂದು ಹೇಳುವವರು ಅವಳು ಇಳಿದು ಬಂದ ಬೆಟ್ಟದ ಸ್ಥಿತಿಗೆ ಬೆನ್ನು ತಿರುಗಿಸಿ ಹೇಳಲಾಗದು.

ಕೊಡವ ಭಾಷೆಯ ಮೊದಲ ಚಲನಚಿತ್ರ ‘ನಾಡ ಮಣ್ಣ್ ನಾಡ ಕೂಳ್’ 1972ರಲ್ಲಿ ಬಂದಿತು. ಆ ಭಾಷೆಗೆ ತೆರೆಯ ಮೇಲೆ ಮಾತನಾಡುವ ಅಭ್ಯಾಸ ಆಗಿನಿಂದಲೇ ಇದೆ. ಕಾವೇರಿಯ ಕಥೆಯನ್ನು ಚಿತ್ರವಾಗಿಸಲು ಹೊರಡುವ ನಿರ್ದೇಶಕರು ಮೊದಲು ಅಪ್ಪಚ್ಚ ಕವಿಯ ನಾಟಕವನ್ನು ಓದಬೇಕು, ದುಡಿಯ ಹಾಡುಗಾರರ ಬಳಿ ಕುಳಿತು ಅವರ ಪಾಠವನ್ನು ಕೇಳಬೇಕು, ಆ ಹಾಡನ್ನು ಹಿನ್ನೆಲೆ ಸಂಗೀತದ ಅಲಂಕಾರಕ್ಕೆ ಇಳಿಸದೆ ಕಥನದ ಬೆನ್ನೆಲುಬಾಗಿ ಬಳಸಬೇಕು ಮತ್ತು ಹೊರಟುಹೋಗುವ ನಿರ್ಧಾರವನ್ನು ಕಾವೇರಿಯ ಕೈಯಲ್ಲೇ ಬಿಡಬೇಕು. ಕರ್ನಾಟಕ ಚಲನಚಿತ್ರ ಅಕಾಡೆಮಿಯೂ ಕೊಡವ ಸಾಹಿತ್ಯ ಅಕಾಡೆಮಿಯೂ ಕೂಡಿ ಇಂಥ ಒಂದು ಚಿತ್ರಕ್ಕೆ, ಅದಕ್ಕೂ ಮೊದಲು ಹಾಡುಗಾರರ ಪಾಠಗಳ ಸಮಗ್ರ ದೃಶ್ಯ ದಾಖಲಾತಿಗೆ ಹಣ ಒದಗಿಸಬೇಕು; ಹಿರಿಯ ಹಾಡುಗಾರರು ಇರುವಾಗಲೇ ಆ ಕೆಲಸ ಆಗಬೇಕು.