ಕಣ್ಣಿಲ್ಲದ ಕಂದನಿಗೆ ಬಣ್ಣ ಕಲಿಸಿದ ಕಾನೂನು

ಹುಟ್ಟಿದಾಗಿನಿಂದ ಕಣ್ಣು ಕಾಣದ ಒಂದು ಮಗು. ಅದರ ಪಕ್ಕದಲ್ಲಿ ಅಂಥದೇ ಇನ್ನೊಂದು ಮಗು. ಒಂದು ಕಪ್ಪು, ಒಂದು ಬಿಳುಪು. ಆ ಎರಡಕ್ಕೂ ಈ ಸಂಗತಿ ಹೇಗೆ ಗೊತ್ತಾಗಬೇಕು? ಕೈ ಮುಟ್ಟಿದರೆ ಬೆಚ್ಚಗಿದೆ, ಅಷ್ಟೆ. ದನಿ ಕೇಳಿದರೆ ಮಗುವಿನ ದನಿ, ಅಷ್ಟೆ. ಹಾಗಾದರೆ ಅವೆರಡನ್ನೂ ಬೇರೆ ಮಾಡಿದ್ದು ಯಾರು? ಕಾನೂನು ಸ್ವಾಮಿ, ಕಾನೂನು! ಶಾಸನಸಭೆಯಲ್ಲಿ ಕೈಯೆತ್ತಿ ಪಾಸು ಮಾಡಿದ, ಸರ್ಕಾರದ ಮೊಹರು ಬಿದ್ದ ಕಾನೂನು.

ಅಮೆರಿಕಾದ ಲೂಯಿಸಿಯಾನ ರಾಜ್ಯದ ಕಾನೂನು ಪುಸ್ತಕದಲ್ಲಿ ಒಂದು ಕಲಮು ಇತ್ತು. ಕಪ್ಪು ಜನರಲ್ಲಿ ಹುಟ್ಟಿದ ಕುರುಡರನ್ನು ಸಾಕಲು, ಅವರಿಗೆ ಪಾಠ ಹೇಳಲು ಬೇರೆಯೇ ಕಟ್ಟಡ ಇರಬೇಕು. ಆ ಕಟ್ಟಡ ಬೇರೆಯೇ ನೆಲದಲ್ಲಿ ಇರಬೇಕು ಅಂತ. ಒಂದೇ ಕಾಂಪೌಂಡಿನಲ್ಲಿ ಎರಡು ಮನೆ ಕಟ್ಟಿದರೂ ಸಾಲದು. ನೆಲವೇ ಬೇರೆ ಆಗಬೇಕು. ಊರೇ ಬೇರೆ, ಕೇರಿಯೇ ಬೇರೆ. ಈ ಭಾಷೆ ನಮಗೆ ತಿಳಿಯದ್ದೇನು?

ಇದನ್ನ ಈಗ ಯಾಕೆ ಎತ್ತುತ್ತಿದ್ದೀನಿ ಅಂದರೆ, ಒಂದು ಸಭೆಯಲ್ಲಿ ಒಬ್ಬ ದೊಡ್ಡ ಮನುಷ್ಯರು ನನ್ನನ್ನ ಎಲ್ಲರ ಮುಂದೆ ತರಾಟೆಗೆ ತಗೊಂಡರು. ಸರ್ಕಾರಿ ಕಿವುಡ ಮಕ್ಕಳ ಶಾಲೆಗಳಲ್ಲಿ ನಮ್ಮ ಕೇರಿಯ ಮಕ್ಕಳು ಎಷ್ಟಿದ್ದಾರೆ ಅಂತ ನಾನು ಕೇಳಿದ್ದೇ ತಪ್ಪಾಯ್ತು. ‘ಅಲ್ಲಯ್ಯಾ, ಕುರುಡರು ಕಿವುಡರ ವಿಷಯದಲ್ಲೂ ಜಾತಿ ತರ್ತೀರಲ್ಲ, ನಾಚಿಕೆ ಆಗೋದಿಲ್ವೆ? ಕರುಣೆಗೆ ಜಾತಿ ಉಂಟೆ?’ ಅಂದರು. ಜನ ಚಪ್ಪಾಳೆ ತಟ್ಟಿದರು. ನಾನು ಕೂತುಬಿಟ್ಟೆ. ಆವತ್ತು ಹೇಳಲಾಗದ ಉತ್ತರವನ್ನ ಇವತ್ತು ಬರೀತಿದ್ದೀನಿ. ಕರುಣೆಗೆ ಜಾತಿ ಉಂಟು. ಪುರಾವೆ ಬೇಕಾದರೆ ಅಮೆರಿಕಾದ ಈ ಶಾಲೆಗಳ ಕಥೆ ಕೇಳಿ.

ಅಮೆರಿಕಾದ ಮಾತು ನಮಗೇನೂ ಹೊರಗಿನ ಮಾತಲ್ಲ. 1946ರಲ್ಲಿ ಬಾಬಾಸಾಹೇಬರು ಕಪ್ಪು ಜನರ ನಾಯಕ ಡು ಬೋಯಿಸ್‌ಗೆ ಕಾಗದ ಬರೆದು, ಅಸ್ಪೃಶ್ಯರ ಸ್ಥಿತಿಗೂ ನಿಮ್ಮವರ ಸ್ಥಿತಿಗೂ ಬಹಳ ಹೋಲಿಕೆ ಇದೆ ಎಂದಿದ್ದರು. 1972ರಲ್ಲಿ ಮುಂಬಯಿಯಲ್ಲಿ ಎದ್ದ ಹುಡುಗರು ‘ಪ್ಯಾಂಥರ್’ ಅನ್ನೋ ಹೆಸರನ್ನ ಅಲ್ಲಿಂದಲೇ ತಂದರು. ಹೆಸರು ತಂದ ಮೇಲೆ ಅದರ ಹಿಂದಿನ ಗಾಯವನ್ನೂ ಓದಬೇಕು.

ಮೊದಲು ಅಕ್ಷರದ ಕಥೆ. 1830ರಲ್ಲಿ ಉತ್ತರ ಕೆರೊಲಿನಾ ರಾಜ್ಯ, ಗುಲಾಮರಿಗೆ ಓದು ಬರಹ ಕಲಿಸೋದು ಅಪರಾಧ ಅಂತ ಕಾನೂನು ಮಾಡಿತು. ನಗಬೇಡಿ. ಶೂದ್ರ ವೇದ ಕೇಳಿಸಿಕೊಂಡರೆ ಅವನ ಕಿವಿಗೆ ಕಾದ ತವರ, ಅರಗು ಹುಯ್ಯಿರಿ ಅಂತ ಬರೆದಿಟ್ಟ ಗೌತಮ ಧರ್ಮಸೂತ್ರ ನಮ್ಮಲ್ಲೇ ಹುಟ್ಟಿದ್ದು. ನಮ್ಮ ಧರ್ಮಶಾಸ್ತ್ರದವರು ಕಿವುಡರಿಗೆ ಶಾಲೆ ಕಟ್ಟಲಿಲ್ಲ ಗೆಳೆಯರೇ, ಕಿವುಡರನ್ನೇ ತಯಾರು ಮಾಡುವ ಕಾನೂನು ಕಟ್ಟಿದರು!

ಅಂತರ್ಯುದ್ಧ 1865ರಲ್ಲಿ ಮುಗೀತು. ಗುಲಾಮಗಿರಿ ಹೋಯ್ತು. ಅದೇ ಉತ್ತರ ಕೆರೊಲಿನಾದ ರಾಲಿ ಊರಿನಲ್ಲಿ 1869ರಲ್ಲಿ ಕಪ್ಪು ಜನರ ಕುರುಡ, ಕಿವುಡ ಮಕ್ಕಳಿಗೆ ಶಾಲೆ ಬಂತು. 1872ರಲ್ಲಿ ಮೇರಿಲ್ಯಾಂಡ್, 1887ರಲ್ಲಿ ಟೆಕ್ಸಾಸ್, 1892ರಲ್ಲಿ ಅಲಬಾಮ. ಎಲ್ಲಾ ಬೇರೆ ಶಾಲೆಗಳೇ. ಬಿಳಿಯರ ಶಾಲೆಯಲ್ಲಿ ಕುರುಡರು ಬೇರೆ, ಕಿವುಡರು ಬೇರೆ ಅಂತ ವಿಂಗಡಿಸೋದು ಹೆಚ್ಚಾಗುತ್ತಾ ಹೋಯ್ತು. ಯಾಕೆಂದರೆ ಒಬ್ಬನಿಗೆ ಬೆರಳಲ್ಲಿ ಓದಿಸಬೇಕು, ಇನ್ನೊಬ್ಬನಿಗೆ ಕಣ್ಣಲ್ಲಿ ಕೇಳಿಸಬೇಕು. ಪಾಠದ ರೀತಿಯೇ ಬೇರೆ. ಕರಿಯರ ಮಕ್ಕಳಿಗೆ ಮಾತ್ರ ಇಬ್ಬರಿಗೂ ಒಂದೇ ದೊಡ್ಡಿ. ಶಾಲೆಗಳ ಹೆಸರಲ್ಲೇ ‘ಕಪ್ಪು ಕುರುಡರು ಮತ್ತು ಕಿವುಡರು’ ಅಂತ ಒಟ್ಟಿಗೆ ಬರೆದಿತ್ತು. ನೋಡಿ, ಬೇರೆ ಮಾಡಬೇಕಾದ ಕಡೆ ಒಟ್ಟು ಮಾಡಿದರು. ಒಟ್ಟು ಮಾಡಬೇಕಾದ ಕಡೆ ಬೇರೆ ಮಾಡಿದರು. ಕರಿಯರ ಶಾಲೆ ಓದಿದ ಪುಸ್ತಕ ಬಿಳಿಯರ ಶಾಲೆಗೆ ಹೋಗಕೂಡದು, ಮೊದಲು ಯಾರು ಮುಟ್ಟಿದರೋ ಅವರೇ ಇಟ್ಟುಕೊಳ್ಳಲಿ ಅಂತಲೂ ಉತ್ತರ ಕೆರೊಲಿನಾ ಕಾನೂನು ಬರೆದಿತ್ತು. ಪುಸ್ತಕಕ್ಕೂ ಮೈಲಿಗೆ!

ಈಗ ಒಂದು ತಮಾಷೆ ಕೇಳಿ. 1880ರಲ್ಲಿ ಇಟಲಿಯ ಮಿಲಾನ್ ಊರಿನಲ್ಲಿ ಕಿವುಡರ ಶಿಕ್ಷಣದ ಬಗ್ಗೆ ದೊಡ್ಡ ಸಮ್ಮೇಳನ ಆಯ್ತು. ಸನ್ನೆ ಭಾಷೆ ಬೇಡ, ಕಿವುಡರಿಗೆ ಬಾಯಲ್ಲೇ ಮಾತಾಡಲು ಕಲಿಸಿ ಅಂತ ತೀರ್ಮಾನ ಮಾಡಿದರು. ಬಂದ ಪ್ರತಿನಿಧಿಗಳಲ್ಲಿ ಕಿವುಡರು ಎಷ್ಟು ಜನ ಗೊತ್ತೆ? ಒಬ್ಬರು! ಕಿವಿ ಇದ್ದವರು ಕೂತು ಕಿವಿ ಇಲ್ಲದವರ ಭಾಷೆ ಕಿತ್ತುಕೊಂಡರು. ಊರಿನವರು ಪಂಚಾಯ್ತಿ ಸೇರಿ ಕೇರಿಯವರ ಹಣೆಬರಹ ಬರೆದ ಹಾಗೆ.

ಅಮೆರಿಕಾದ ಬಿಳಿಯರ ಶಾಲೆಗಳು ಈ ‘ಬಾಯಿ ಮಾತಿನ’ ಪದ್ಧತಿ ಹಿಡಿದವು. ಅದಕ್ಕೆ ವಿಶೇಷ ತರಬೇತಿ ಪಡೆದ ಮೇಷ್ಟ್ರುಗಳು ಬೇಕು, ದುಡ್ಡು ಬೇಕು. ಕರಿಯ ಮಕ್ಕಳ ಮೇಲೆ ಅಷ್ಟು ದುಡ್ಡು ಯಾಕೆ ದಂಡ ಅಂತ ಅವರನ್ನ ಅವರ ಪಾಡಿಗೆ ಬಿಟ್ಟರು. ಹೀಗೆ ಬಿಟ್ಟದ್ದರಿಂದಲೇ ಅವರ ಕೈಯಲ್ಲಿ ಸನ್ನೆ ಉಳೀತು! ಎರಡೂ ಕೈ ಅಗಲಿಸಿ, ಹಣೆಯ ಎತ್ತರಕ್ಕೆ ಎತ್ತಿ, ಮೈತುಂಬಾ ಮಾತಾಡುವ ಒಂದು ಸನ್ನೆ ಭಾಷೆ ಆ ಬಡ ಹಾಸ್ಟೆಲುಗಳಲ್ಲಿ ಬೆಳೀತು. ಊರಾಚೆ ತಳ್ಳಿದವರ ಕೈಯಲ್ಲಿ ತಮಟೆ ಉಳಿದ ಹಾಗೆ, ಪದ ಉಳಿದ ಹಾಗೆ. ಹಾಗಂತ ತಳ್ಳಿದವರಿಗೆ ಕೈ ಮುಗೀಬೇಕೆ? ಮುಗಿಯೋದು ಬೇಡ. ಉಳಿಸಿಕೊಂಡದ್ದು ಆ ಮಕ್ಕಳು, ತಳ್ಳಿದವರಲ್ಲ.

ಇನ್ನು ರಾಜಧಾನಿ ವಾಷಿಂಗ್ಟನ್ ಕಥೆ. ಅಲ್ಲಿ ಕೆಂಡಲ್ ಶಾಲೆ ಅಂತ ಕಿವುಡ ಮಕ್ಕಳ ಶಾಲೆ, 1857ರಲ್ಲಿ ಶುರುವಾದದ್ದು. ಅದರ ಆವರಣದಲ್ಲೇ ಬೆಳೆದದ್ದು ಕಿವುಡರ ಗ್ಯಾಲಡೆಟ್ ಕಾಲೇಜು. ಆ ಕಾಲೇಜಿಗೆ ಡಿಗ್ರಿ ಕೊಡುವ ಅಧಿಕಾರದ ಕಾಗದಕ್ಕೆ 1864ರಲ್ಲಿ ಸಹಿ ಹಾಕಿದ್ದು ಯಾರು? ಗುಲಾಮರನ್ನ ಬಿಡಿಸಿದ ಅದೇ ಅಬ್ರಹಾಂ ಲಿಂಕನ್! ಕೆಂಡಲ್ ಶಾಲೆಯಲ್ಲಿ ಮೊದಮೊದಲು ಕರಿಯ ಮಕ್ಕಳೂ ಇದ್ದರು. ಬಿಳಿ ತಂದೆತಾಯಿಗಳು ಗೊಣಗಿದರು. 1905ರಲ್ಲಿ ಅವರ ಪಾರ್ಲಿಮೆಂಟು ಕಾನೂನು ಮಾಡಿ ಕರಿಯ ಮಕ್ಕಳನ್ನ ಮೇರಿಲ್ಯಾಂಡ್ ರಾಜ್ಯದ ಬೇರೆ ಶಾಲೆಗೆ ಸಾಗಹಾಕಿತು. ಮನೆ ಪಕ್ಕ ಶಾಲೆ ಇದ್ದರೂ ಮಗು ಊರು ಬಿಡಬೇಕು.

ಲೂಯಿಸ್ ಮಿಲ್ಲರ್ ಅಂತ ಒಬ್ಬ ಕಪ್ಪು ತಾಯಿ. ನಾಲ್ಕು ಮಕ್ಕಳಲ್ಲಿ ಮೂರಕ್ಕೆ ಕಿವಿ ಕೇಳಿಸದು. ಆ ತಾಯಿ, ಇನ್ನೂ ಕೆಲವು ತಂದೆತಾಯಿಗಳು ಸೇರಿ 1952ರಲ್ಲಿ ಕೋರ್ಟಿಗೆ ಹೋದರು. ಗೆದ್ದರು! ಬಿಳಿ ಮಕ್ಕಳಿಗೆ ಇಲ್ಲೇ ಸಿಗುವ ಪಾಠಕ್ಕೆ ಕರಿಯ ಮಕ್ಕಳನ್ನ ಹೊರಗೆ ಕಳಿಸಕೂಡದು ಅಂತ ತೀರ್ಪಾಯ್ತು. ಆಗ ಶಾಲೆಯವರು ಏನು ಮಾಡಿದರು? ಬಾಗಿಲು ತೆಗೆದರು ಅಂದುಕೊಂಡಿರಾ? ಅದೇ ಆವರಣದಲ್ಲಿ ಕರಿಯ ಮಕ್ಕಳಿಗೆ ಇನ್ನೊಂದು ಕಟ್ಟಡ ಎಬ್ಬಿಸಿ ‘ಎರಡನೇ ವಿಭಾಗ’ ಅಂತ ಹೆಸರಿಟ್ಟರು. ಇಪ್ಪತ್ನಾಲ್ಕು ಮಕ್ಕಳು, ನಾಲ್ಕು ಮೇಷ್ಟ್ರುಗಳು. ಹೋಟೆಲಿನ ಒಳಗೆ ಬಿಟ್ಟುಕೊಂಡು ಬೇರೆ ಲೋಟ ಇಟ್ಟ ಹಾಗೆ! ಗೆದ್ದ ತೀರ್ಪನ್ನೂ ಎರಡನೇ ಲೋಟಕ್ಕೆ ಹುಯ್ದು ಕೊಟ್ಟರು.

1954ರಲ್ಲಿ ಅವರ ಸುಪ್ರೀಂ ಕೋರ್ಟು, ಬ್ರೌನ್ ಮೊಕದ್ದಮೆಯಲ್ಲಿ, ಬೇರೆ ಶಾಲೆ ಅನ್ನೋದೇ ಅಸಮಾನತೆ ಅಂತ ಹೇಳಿತು. ಎರಡನೇ ವಿಭಾಗ ಮುಚ್ಚಿತು. ಅದೇ ವರ್ಷ ಆಂಡ್ರೂ ಫಾಸ್ಟರ್ ಗ್ಯಾಲಡೆಟ್‌ನಿಂದ ಡಿಗ್ರಿ ಪಡೆದರು. ಕರಿಯನಾಗಿಯೇ ಒಳಗೆ ಬಂದು ಬಿ.ಎ. ಮುಗಿಸಿದ ಮೊದಲಿಗ ಅಂತ ಅವರ ಹೆಸರು. ಹನ್ನೊಂದನೇ ವಯಸ್ಸಿನಲ್ಲಿ ಮಿದುಳು ಜ್ವರಕ್ಕೆ ಕಿವಿ ಕಳಕೊಂಡು, ಅಲಬಾಮದ ಕರಿಯರ ಶಾಲೆಯಲ್ಲಿ ಓದಿದವರು. ಆಮೇಲೆ ಆಫ್ರಿಕಾಕ್ಕೆ ಹೋಗಿ ಕಿವುಡ ಮಕ್ಕಳಿಗೆ ಮೂವತ್ತಕ್ಕೂ ಹೆಚ್ಚು ಶಾಲೆ ಕಟ್ಟಿದರು. ಲಿಂಕನ್ ಸಹಿಗೂ ಫಾಸ್ಟರ್ ಡಿಗ್ರಿಗೂ ನಡುವೆ ತೊಂಬತ್ತು ವರ್ಷ. ಅಷ್ಟು ವರ್ಷದಲ್ಲಿ ಇನ್ನೆಷ್ಟು ಫಾಸ್ಟರ್‌ಗಳು ಹತ್ತಿ ಹೊಲದಲ್ಲೇ ಮಣ್ಣಾದರೋ!

ಕೋರ್ಟು ಹೇಳಿದ ಮಾರನೇ ದಿನ ಎಲ್ಲ ಸರಿಹೋಯ್ತೆ? ಲೂಯಿಸಿಯಾನದ ಕರಿಯ ಕಿವುಡರ ಶಾಲೆ ಬಿಳಿಯರ ಶಾಲೆಯೊಳಗೆ ಸೇರಿದ್ದು 1978ರಲ್ಲಿ. ಇಪ್ಪತ್ನಾಲ್ಕು ವರ್ಷ ಬಿಟ್ಟು! ಅಲಬಾಮದಲ್ಲಿ ಕ್ಯಾರೊಲಿನ್ ಮೆಕ್ಯಾಸ್ಕಿಲ್ ಅನ್ನೋ ಹುಡುಗಿ 1968ರಲ್ಲಿ ಬಿಳಿಯರ ಕಿವುಡ ಶಾಲೆಗೆ ಸೇರಿದಳು. ಅದೇ ಊರಿನ ಶಾಲೆ. ಆದರೆ ಅಲ್ಲಿಯ ಮಕ್ಕಳ ಸನ್ನೆ ಇವಳಿಗೆ ಅರ್ಥವಾಗಲಿಲ್ಲ. ತನ್ನ ಭಾಷೆ ಕೀಳು ಅಂದುಕೊಂಡು ತನ್ನ ಕೈಗಳನ್ನ ತಾನೇ ಕಟ್ಟಿಹಾಕಿಕೊಂಡಳು. ಹಳ್ಳಿಯಿಂದ ಬಂದು ಹಾಸ್ಟೆಲು ಸೇರಿದ ಮೊದಲ ವರ್ಷ ‘ಅ’ಕಾರ ‘ಹ’ಕಾರಕ್ಕೆ ಹೆದರಿ ಬಾಯಿ ಮುಚ್ಚಿಕೊಂಡ ನಮ್ಮ ಕಥೆಯೇ ಅಲ್ಲವೆ ಇದು? ಅವಳು ಮುಂದೆ ಗ್ಯಾಲಡೆಟ್‌ನಲ್ಲೇ ಪ್ರೊಫೆಸರ್ ಆಗಿ, ಕರಿಯರ ಸನ್ನೆ ಭಾಷೆ ಒಂದು ಪೂರ್ಣ ಭಾಷೆ ಅಂತ ತೋರಿಸುವ ಪುಸ್ತಕವನ್ನ ಗೆಳೆಯರೊಂದಿಗೆ 2011ರಲ್ಲಿ ತಂದರು. ಆ ಎರಡನೇ ವಿಭಾಗದ ಇಪ್ಪತ್ನಾಲ್ಕು ಮಕ್ಕಳಿಗೆ ಗ್ಯಾಲಡೆಟ್ ಸಮಾರಂಭ ಮಾಡಿ ಸರ್ಟಿಫಿಕೇಟು ಕೊಟ್ಟದ್ದು 2023ರ ಜುಲೈನಲ್ಲಿ. ಬದುಕಿ ಉಳಿದಿದ್ದವರು ಕೆಲವರೇ, ಮುದುಕರಾಗಿದ್ದರು. ನ್ಯಾಯ ಬಂತು, ಕೋಲೂರಿಕೊಂಡು.

ಈಗ ಆ ದೊಡ್ಡ ಮನುಷ್ಯರಿಗೆ ಉತ್ತರ. ಸ್ವಾಮಿ, ಈ ಶಾಲೆಗಳನ್ನೆಲ್ಲ ಕಟ್ಟಿದ್ದು ಕರುಣೆಯೇ. ಆ ಕರುಣೆ ತನ್ನ ಜೊತೆಗೇ ಎರಡು ಲೋಟ ತಂದಿತ್ತು.

‘ನಮ್ಮಲ್ಲಿ ಹಾಗೆ ಕಾನೂನಿಲ್ಲವಲ್ಲ’ ಅಂತೀರಿ. ನಿಜ. ಸಂವಿಧಾನದ 17ನೇ ವಿಧಿ ಇದೆ. 1995ರ ಅಂಗವಿಕಲರ ಕಾಯ್ದೆ ಹದಿನೆಂಟು ವರ್ಷದ ತನಕ ಪುಕ್ಕಟೆ ಶಿಕ್ಷಣ ಅಂದಿತು. ಅದರ ಜಾಗಕ್ಕೆ ಬಂದ 2016ರ ಕಾಯ್ದೆ ಇನ್ನೂ ಮುಂದೆ ಹೋಗಿ, ನೆರೆಯ ಶಾಲೆಯೋ ವಿಶೇಷ ಶಾಲೆಯೋ ಮಗುವೇ ಆರಿಸಿಕೊಳ್ಳಲಿ, ಬ್ರೈಲ್ ಮತ್ತು ಸನ್ನೆ ಭಾಷೆ ಬಲ್ಲ ಮೇಷ್ಟ್ರುಗಳನ್ನ ನೇಮಿಸಿ, ಉನ್ನತ ಶಿಕ್ಷಣದಲ್ಲಿ ನೂರಕ್ಕೆ ಐದು ಸೀಟು ಕೊಡಿ ಅಂತ ಹೇಳ್ತದೆ. ಒಳ್ಳೆಯ ಕಾನೂನು. ನಾನು ಬೈಯೋದಿಲ್ಲ. ಆದರೆ ಅಮೆರಿಕಾದವರು ಎರಡು ನೆಲ ಮಾಡಿದ ಕಡೆ ನಾವು ಎರಡು ಕಡತ ಮಾಡಿದ್ದೀವಿ. ಜಾತಿಯ ಕಡತ ಸಮಾಜ ಕಲ್ಯಾಣ ಇಲಾಖೆಯಲ್ಲಿ. ಅಂಗವೈಕಲ್ಯದ ಕಡತ ಇನ್ನೊಂದು ಇಲಾಖೆಯಲ್ಲಿ. ಕೇರಿಯ ಕಿವುಡ ಮಗು ಎರಡರ ನಡುವೆ ಬಿದ್ದುಹೋಗ್ತದೆ.

ನಮ್ಮ ಸೋದರತ್ತೆ ಮಗ ಹಾಗೆ ಬಿದ್ದುಹೋದವನು. ಅವನಿಗೊಂದು ಹೆಸರಿತ್ತು, ಯಾರೂ ಕರೀಲಿಲ್ಲ. ಊರಿಗೆಲ್ಲ ಅವನು ‘ಮೂಗ’. ಅತ್ತೆ ಊರ ಶಾಲೆಗೆ ಕರಕೊಂಡು ಹೋದರೆ ‘ಇವನ ಸ್ಕೂಲು ಬೇರೆ ಕಣಮ್ಮ’ ಅಂದರು. ಆ ಬೇರೆ ಸ್ಕೂಲಿಗೆ ಜಾತಿ ಸರ್ಟಿಫಿಕೇಟಿಗೆ ತಾಲ್ಲೂಕು ಕಚೇರಿ, ಕಿವಿ ಸರ್ಟಿಫಿಕೇಟಿಗೆ ಜಿಲ್ಲೆಯ ಆಸ್ಪತ್ರೆ. ಒಂದೊಂದು ಓಡಾಟಕ್ಕೂ ಒಂದೊಂದು ದಿನದ ಕೂಲಿ ಹೋಯ್ತು. ನಾಲ್ಕನೇ ಸಲಕ್ಕೆ ಅತ್ತೆ ಹೋಗಲಿಲ್ಲ. ಅವನೀಗ ದನ ಕಾಯ್ತಾನೆ. ಅವನಿಗೆ ಓದಿಲ್ಲ ಅಂತ ಯಾವ ಕಾನೂನೂ ಬರೆದಿಲ್ಲ. ಆದರೂ ಓದಿಲ್ಲ.

ಕೋರ್ಟಿಗೂ ಈ ಗಂಟು ಗೊತ್ತು. 2021ರಲ್ಲಿ ಆಂಧ್ರದ ಒಂದು ಅತ್ಯಾಚಾರದ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಬಂತು. ಆಕೆ ಹುಟ್ಟಿನಿಂದ ಕಣ್ಣಿಲ್ಲದವಳು, ಪರಿಶಿಷ್ಟ ಜಾತಿಯವಳು. ಜಾತಿ, ಹೆಣ್ಣುತನ, ಅಂಗವೈಕಲ್ಯ ಮೂರೂ ಒಂದರೊಳಗೊಂದು ಹೆಣೆದುಕೊಂಡು ತುಳೀತವೆ ಅಂತ ಕೋರ್ಟು ಬಿಡಿಸಿ ಬರೆಯಿತು. ಅತ್ಯಾಚಾರಕ್ಕೆ ಕೊಟ್ಟಿದ್ದ ಜೀವಾವಧಿ ಉಳೀತು. ಆದರೆ ದೌರ್ಜನ್ಯ ತಡೆ ಕಾಯ್ದೆಯ ಶಿಕ್ಷೆ ರದ್ದಾಯ್ತು, ಜಾತಿಯ ಕಾರಣಕ್ಕೇ ನಡೆದದ್ದು ಅಂತ ಸಾಬೀತಾಗಿಲ್ಲ ಅಂತ. ಗಂಟು ಕಂಡರೂ ಕೊನೆಗೆ ಕಡತ ಎರಡೇ.

ಹಾಸ್ಟೆಲಿನ ಗೆಳೆಯರೇ, ಚಪ್ಪಾಳೆಗೆ ಹೆದರಿ ನನ್ನ ಹಾಗೆ ಕೂತುಬಿಡಬೇಡಿ. ಎದ್ದು ಕೇಳಿ. ನಮ್ಮ ಜಿಲ್ಲೆಯ ಸರ್ಕಾರಿ ಕುರುಡ, ಕಿವುಡ ಮಕ್ಕಳ ಶಾಲೆಯಲ್ಲಿ ಒಟ್ಟು ಎಷ್ಟು ಮಕ್ಕಳು? ಅವರಲ್ಲಿ ನಮ್ಮವರೆಷ್ಟು? ಸನ್ನೆ ಬಲ್ಲ ಮೇಷ್ಟ್ರು ಎಷ್ಟು, ಬ್ರೈಲ್ ಪುಸ್ತಕ ಎಷ್ಟು? 2005ರ ಮಾಹಿತಿ ಹಕ್ಕು ಕಾಯ್ದೆಯ ಅರ್ಜಿಗೆ ಹತ್ತು ರೂಪಾಯಿ. ಎರಡು ಟೀ ಬಿಟ್ಟರೆ ಒಂದು ಪ್ರಶ್ನೆ. ಎರಡು ಸರ್ಟಿಫಿಕೇಟೂ ಒಂದೇ ದಿನ, ಊರ ಹತ್ತಿರವೇ ಕೊಡಿ ಅಂತ ಇಲಾಖೆಗಳನ್ನ ಕೇಳಿ. ಕಣ್ಣಿಲ್ಲದ ರೂಂಮೇಟಿಗೆ ದಿನಾ ಒಂದು ಗಂಟೆ ಪಾಠ ಓದಿ ಹೇಳಿ, ಅವನ ಪರೀಕ್ಷೆಗೆ ಬರೆದುಕೊಡಿ. ಇದು ಉಪಕಾರ ಅಲ್ಲ, ಸಂಘಟನೆ.

ಕೊನೆಗೊಂದು ಮಾತು, ನಮಗೆ ನಾವೇ ಹೇಳಿಕೊಳ್ಳಬೇಕಾದ್ದು. ಮೆರವಣಿಗೆಯಲ್ಲಿ ‘ಕುರುಡು ಸರ್ಕಾರ, ಕಿವುಡು ಸರ್ಕಾರ’ ಅಂತ ಕೂಗ್ತೀವಲ್ಲ, ನಾನೂ ಗಂಟಲು ಹರಿಯೋ ಹಾಗೆ ಕೂಗಿದ್ದೀನಿ. ಇನ್ನು ಕೂಗೋದಿಲ್ಲ. ಕುರುಡ ಕಾಣಲಾರ, ಕಿವುಡ ಕೇಳಲಾರ. ಅದು ಅವರ ತಪ್ಪಲ್ಲ. ಈ ಸರ್ಕಾರಕ್ಕೆ ಕಣ್ಣಿದೆ, ನೋಡೋದಿಲ್ಲ. ಕಿವಿ ಇದೆ, ಕೇಳಿಸಿಕೊಳ್ಳೋದಿಲ್ಲ. ಅದಕ್ಕೆ ಬೇರೆ ಹೆಸರಿದೆ. ಆ ಹೆಸರು ಹಿಡಿದೇ ಕೂಗೋಣ. ನಮ್ಮ ಸೋದರತ್ತೆ ಮಗನನ್ನೂ ಅವನ ಹೆಸರು ಹಿಡಿದೇ ಕರೆಯೋಣ.

ಜೈ ಭೀಮ್.