ಹೊಗೆಯ ಲೆಕ್ಕವೂ ಆಕಾಶದ ಸಾಕ್ಷಿಯೂ

ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯ ಕಾರ್ಖಾನೆಗಳು, ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶ, ದೇವನಹಳ್ಳಿಯ ವಿಮಾನ ನಿಲ್ದಾಣ, ಹೊಸಕೋಟೆಯ ಮಾರ್ಗವಾಗಿ ಹಗಲಿರುಳು ಸಾಗುವ ಲಾರಿಗಳು—ಇವೆಲ್ಲ ವರ್ಷವೊಂದಕ್ಕೆ ಎಷ್ಟು ಹೊಗೆಯನ್ನು ಗಾಳಿಗೆ ಸೇರಿಸುತ್ತವೆ? ಇದನ್ನು ತಿಳಿಯುವ ರೂಢಿಯ ಪದ್ಧತಿ ಬಹು ಸರಳವಾದುದು. ಉರಿದ ಇಂಧನವೆಷ್ಟೆಂದು ಅಂದಾಜು ಮಾಡಿ, ಒಂದು ಕಿಲೋಗ್ರಾಂ ಇಂಧನದಿಂದ ಹೊರಡುವ ಅನಿಲ ಇಷ್ಟೆಂಬ ಗುಣಕದಿಂದ ಅದನ್ನು ಗುಣಿಸುವುದು. ಆದರೆ ಡೀಸೆಲ್ ಜನರೇಟರು ಎಷ್ಟು ಗಂಟೆ ಓಡಿತು, ಹಳೆಯ ಲಾರಿಯ ಎಂಜಿನ್ನು ಯಾವ ಸ್ಥಿತಿಯಲ್ಲಿತ್ತು ಎಂಬುದನ್ನು ಕಾಗದ ಬಲ್ಲುದೆ? ಅಂದಾಜನ್ನು ಅಂದಾಜಿನಿಂದ ಗುಣಿಸಿದರೆ ತಪ್ಪೂ ಗುಣಿತವಾಗುತ್ತದೆ.

ಈ ಲೆಕ್ಕವನ್ನು ತಾಳೆ ನೋಡಲು ಈಗ ಹೊರಗಿನ ಸಾಕ್ಷಿಯೊಂದುಂಟು. 2017ರ ಅಕ್ಟೋಬರಿನಲ್ಲಿ ಯುರೋಪಿನವರು ಹಾರಿಸಿದ ಸೆಂಟಿನೆಲ್-5ಪಿ ಎಂಬ ಉಪಗ್ರಹವು ‘ಟ್ರೊಪೊಮಿ’ ಎಂಬ ಉಪಕರಣವನ್ನು ಹೊತ್ತು, ಮಧ್ಯಾಹ್ನ ಸುಮಾರು ಒಂದೂವರೆ ಗಂಟೆಯ ವೇಳೆಗೆ ನಮ್ಮ ಆಕಾಶವನ್ನು ಹಾದುಹೋಗುತ್ತದೆ. ನೆಲದಿಂದ ಪ್ರತಿಫಲಿಸಿ ಮೇಲೇರುವ ಬಿಸಿಲನ್ನು ಅದು ರೋಹಿತವಾಗಿ ಬಿಡಿಸಿ ನೋಡುತ್ತದೆ. ಇಂಧನ ಉರಿದಾಗ ಉಂಟಾಗುವ ನೈಟ್ರೊಜನ್ ಡೈಆಕ್ಸೈಡ್ ಅನಿಲವು ನೇರಿಳೆ ಮತ್ತು ನೀಲಿ ಬೆಳಕಿನ ಒಂದಂಶವನ್ನು ಹೀರಿಕೊಳ್ಳುತ್ತದೆ. ಹಿಂದಿರುಗಿದ ಬೆಳಕಿನಲ್ಲಿ ಕಾಣುವ ಆ ಕೊರತೆಯಿಂದ, ನೆಲದಿಂದ ಮೇಲಕ್ಕೆ ನಿಂತ ಗಾಳಿಯ ಕಂಬದಲ್ಲಿ ಅನಿಲವೆಷ್ಟಿದೆಯೆಂದು ಲೆಕ್ಕ ಹಾಕಬಹುದು. ಅದು ನೋಡುವ ಒಂದೊಂದು ಅಂಕಣವೂ ಸುಮಾರು 5.5 ಕಿ.ಮೀ. ಉದ್ದ, 3.5 ಕಿ.ಮೀ. ಅಗಲ. ಹಗಲಿನಲ್ಲಿ ಈ ಅನಿಲದ ಆಯುಸ್ಸು ಕೆಲವೇ ಗಂಟೆಗಳು. ಆದಕಾರಣ ಅದು ಹುಟ್ಟಿದೆಡೆಯಿಂದ ಬಹುದೂರ ಹೋಗಲಾರದು. ಕಾಗದದ ಲೆಕ್ಕವನ್ನೂ ಅಂದಿನ ಗಾಳಿಯ ವೇಗ, ದಿಕ್ಕುಗಳನ್ನೂ ಗಣಕಯಂತ್ರಕ್ಕೆ ಕೊಟ್ಟು, ಬರಬೇಕಾದ ಮೊತ್ತವನ್ನು ಕಂಡ ಮೊತ್ತದೊಡನೆ ಹೋಲಿಸಿ, ಎರಡೂ ಹೊಂದುವವರೆಗೆ ಲೆಕ್ಕವನ್ನು ತಿದ್ದಬಹುದು. 2020ರ ಮಾರ್ಚ್ 25ರಂದು ಲಾಕ್‌ಡೌನ್ ಆರಂಭವಾದ ಮೇಲೆ ಭಾರತದ ದೊಡ್ಡ ನಗರಗಳ ಮೇಲೆ ಈ ಅನಿಲ ಇಳಿದುದನ್ನು ಉಪಗ್ರಹಗಳು ಸ್ಪಷ್ಟವಾಗಿ ತೋರಿಸಿದವು.

ನಗರಕ್ಕಿಂತ ಗ್ರಾಮಾಂತರಕ್ಕೆ ಈ ಸಾಕ್ಷಿ ಹೆಚ್ಚು ಅಗತ್ಯವೆಂದು ನಮ್ಮ ಅಭಿಪ್ರಾಯ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮದ ಪಟ್ಟಿ ನಗರಗಳ ಪಟ್ಟಿ. ಕರ್ನಾಟಕದಿಂದ ಅದರಲ್ಲಿರುವುವು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಗಾಳಿಗಾದರೋ ಗಡಿಕಲ್ಲು ತಿಳಿಯದು. ಊರಾಚೆಗೆ ಕಳುಹಿಸಿದ ಕಾರ್ಖಾನೆ, ಊರಾಚೆಗೆ ತಿರುಗಿಸಿದ ಲಾರಿ ನಗರದ ಲೆಕ್ಕದಿಂದ ಕಳೆದುಹೋಗಬಹುದು. ದೇವನಹಳ್ಳಿಯ ದ್ರಾಕ್ಷಿತೋಟದಲ್ಲಿ ದುಡಿಯುವವನ ಎದೆಯಿಂದ ಕಳೆಯುವುದಿಲ್ಲ. ಈ ಊರುಗಳನ್ನು ಕೂಡಿಸುವ ಹೆದ್ದಾರಿಗೆ ‘ಸ್ಯಾಟಲೈಟ್ ಟೌನ್ ರಿಂಗ್ ರೋಡ್’ ಎಂದೇ ಹೆಸರು. ಅದರ ಹೊಗೆಯನ್ನು ನಿಜವಾದ ಸ್ಯಾಟಲೈಟು ಎಣಿಸಿದರೆ ತಪ್ಪೇನು?

ಸಾಕ್ಷಿಗೂ ಕುಂದುಂಟು. ಮುಂಗಾರಿನ ಮೋಡ ಅದರ ಕಣ್ಣು ಕಟ್ಟುತ್ತದೆ. ಬಿಸಿಲಿಲ್ಲದ ರಾತ್ರಿಯಲ್ಲಿ ಓಡುವ ಲಾರಿಗಳ ಹೊಗೆ ಅದಕ್ಕೆ ಕಾಣದು. ಗಾಳಿಯ ಕಂಬದ ಮೊತ್ತವೇ ಮೂಗಿನ ಮಟ್ಟದ ಮೊತ್ತವೂ ಅಲ್ಲ. ಆದುದರಿಂದ ಉಪಗ್ರಹವಿರುವಾಗ ನೆಲದ ಮಾಪನ ಕೇಂದ್ರಗಳೇಕೆ ಎಂಬ ವಾದವನ್ನು ನಾವು ಒಪ್ಪೆವು. ನಾಲ್ಕು ತಾಲ್ಲೂಕುಗಳಲ್ಲಿಯೂ ಹಗಲಿರುಳು ಅಳೆಯುವ ಕೇಂದ್ರಗಳಿರತಕ್ಕದ್ದು. ಮಾಲಿನ್ಯ ನಿಯಂತ್ರಣ ಮಂಡಳಿಯು ಪ್ರತಿವರ್ಷ ಕಾಗದದ ಲೆಕ್ಕವನ್ನು ಉಪಗ್ರಹದ ಮೊತ್ತದೊಡನೆ ತಾಳೆ ನೋಡಿ, ವ್ಯತ್ಯಾಸವನ್ನು ಮುಚ್ಚಿಡದೆ ಪ್ರಕಟಿಸತಕ್ಕದ್ದು. ಟ್ರೊಪೊಮಿಯ ಅಂಕಿಗಳು ಎಲ್ಲರಿಗೂ ಉಚಿತ. ಮೋಡ ವಿರಳವಾದ ಜನವರಿಯ ಸರಾಸರಿ ತೆಗೆದು, ನೆಲಮಂಗಲದ ಅಂಕಣವನ್ನು ಹೊಸಕೋಟೆಯದರೊಡನೆ ಹೋಲಿಸುವ ಕೆಲಸ ನಮ್ಮ ಕಾಲೇಜು ವಿದ್ಯಾರ್ಥಿಗಳಿಗೆ ಅಸಾಧ್ಯವಾದುದೇನೂ ಅಲ್ಲ.